ಜೆಟ್ಟಿ ತೊಳೆಯೋಕೆ ಎಷ್ಟು ಬಕೆಟ್?

ಮಾನ್ಯ ಅಧ್ಯಕ್ಷರೇ, ಬಂದರಿನ ದೊಡ್ಡ ಸಾಹೇಬರೇ, ಬೋಟ್ ಮಾಲೀಕರ ಸಂಘದ ಹಿರಿಯರೇ, ಮೀನು ಬುಟ್ಟಿ ಇಳಿಸಿ ಕೈ ತೊಳ್ಕೊಂಡು ಬಂದಿರೋ ಅಕ್ಕಂದಿರೇ, ಕೈ ತೊಳ್ಕೊಳ್ಳದೇ ಬಂದಿರೋ ಅಣ್ಣಂದಿರೇ, ಊಟಕ್ಕೆ ಇನ್ನೆಷ್ಟು ಹೊತ್ತು ಅಂತ ಗಡಿಯಾರ ನೋಡ್ತಿರೋ ಸಮಸ್ತ ಸಭಿಕರೇ,

ನಾನು ಓದಿದ್ದು ಮೂರನೇ ಕ್ಲಾಸು. ಆದ್ರೆ ಮೂರನೇದನ್ನ ಎರಡು ಸಲ ಓದಿದೀನಿ, ಹಾಗಾಗಿ ಅಷ್ಟು ಗಟ್ಟಿ. ಮಾತಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅತಿ ಸ್ವಚ್ಛ ಜೆಟ್ಟಿ ಅಂತ ಮೂರನೇ ವರ್ಷವೂ ನನಗೇ ಫಲಕ ಕೊಟ್ಟಿದೀರಿ. ಸಂತೋಷ. ಮನೇಲಿ ಎರಡು ಆಗಲೇ ಇವೆ. ಒಂದರ ಮೇಲೆ ನನ್ನ ಹೆಂಡತಿ ಬಿಸಿ ಪಾತ್ರೆ ಇಡ್ತಾಳೆ. ಆದ್ರೆ ಬೋಟ್ ಬಂದು ನಿಲ್ಲೋ ಈ ಜೆಟ್ಟಿಕಟ್ಟೆನ ನಾನು ತೊಳೀತಿರೋದು ಇಪ್ಪತ್ತಾರು ವರ್ಷದಿಂದ. ಮೊದಲ ಇಪ್ಪತ್ತಮೂರು ವರ್ಷ ಯಾರೂ ಒಂದು ಕಾಗದದ ಚೂರೂ ಕೊಡಲಿಲ್ಲ. ಈಗ ಸೊಂಟ ಹಿಡ್ಕೊಂಡ ಮೇಲೆ, ಕೈ ನಡುಗೋಕೆ ಶುರುವಾದ ಮೇಲೆ, ನಾನೇನು ಇದ್ದಕ್ಕಿದ್ದ ಹಾಗೆ ಚೆನ್ನಾಗಿ ತೊಳೆಯೋದು ಕಲಿತೆನಾ? ನೀವೇ ಹೇಳಿ.

ಜೆಟ್ಟಿ ಸ್ವಚ್ಛವಾಗಿದೆ, ಯಾಕಂದ್ರೆ ಗಲೀಜು ಮಾಡೋರು ಬರ್ತಿಲ್ಲ.

ಎದುರಿಗಿರೋ ಬಂಡೆ ಮೇಲೆ ಬಿಳೀ ಮೈ, ತಲೆಗೆ ಕರೀ ಟೋಪಿ ಹಾಕ್ಕೊಂಡ ಹಾಗಿರೋ ಹಕ್ಕಿಗಳಿವೆಯಲ್ಲ, ನಾನು ಕೆಲಸಕ್ಕೆ ಸೇರಿದಾಗ ಅವು ಬಂಡೆಯ ಬಣ್ಣವೇ ಕಾಣದಷ್ಟು ಕೂತಿರ್ತಿದ್ವು. ಜಾಗ ಸಾಲದೇ ಮಿಕ್ಕಿದ್ದೆಲ್ಲ ಜೆಟ್ಟಿಗೆ ಬರೋದು. ನನ್ನ ಮದುವೆ ಗೊತ್ತು ಮಾಡೋಕೆ ಮಾವನವರು ಇಲ್ಲಿಗೇ ಬಂದಿದ್ರು. ನಮಸ್ಕಾರ ಅನ್ನೋಷ್ಟರಲ್ಲಿ ಅವರ ಹೆಗಲ ಮೇಲೆ ಹಿಕ್ಕೆ ಬಿತ್ತು. ಆದ್ರೂ ಮಗಳನ್ನ ಕೊಟ್ರು. ದೊಡ್ಡ ಮನಸ್ಸು.

ಐದು ವರ್ಷದ ಹಿಂದೆ ಮೇಡಂ ಬಂದ್ರು. ಅಗೋ, ಅಲ್ಲಿ ಕೂತಿದಾರೆ, ಕೊರಳಲ್ಲಿ ದುರ್ಬೀನು. ನಾನು ಉಜ್ಜಿ ಬಿಸಾಕೋ ಹಿಕ್ಕೆನ ಅವರು ಚಮಚದಲ್ಲಿ ಕೆರೆದು ಸಣ್ಣ ಸೀಸೆಗೆ ತುಂಬಿ ಚೀಟಿ ಅಂಟಿಸೋರು. ಪಾಪ, ನೋಡೋಕೆ ಒಳ್ಳೆ ಮನೆಯವರ ಹಾಗಿದಾರೆ, ಹಿಂಗ್ಯಾಕೆ ಆಯ್ತು ಅನ್ಕೊಂಡೆ. ಕೊನೆಗೆ ತಡೀಲಾರದೆ ಕೇಳೇಬಿಟ್ಟೆ. ಅವರು ಹೇಳಿದ್ರು, ಸಮುದ್ರದೊಳಗೆ ಏನಾಗ್ತಿದೆ ಅಂತ ನಾವು ಇಳಿದು ನೋಡೋಕಾಗಲ್ಲ, ಈ ಹಕ್ಕಿ ದಿನಾ ನೋಡ್ಕೊಂಡು ಬರುತ್ತೆ. ಏನು ತಿಂತು, ಎಷ್ಟು ಮೊಟ್ಟೆ ಇಟ್ಟಿತು, ಎಷ್ಟು ಮರಿ ಬದುಕಿದ್ವು ಅಂತ ನೋಡಿದ್ರೆ ಸಮುದ್ರದ ಆರೋಗ್ಯ ತಿಳಿಯುತ್ತೆ, ಡಾಕ್ಟರು ನಾಲಿಗೆ ಚಾಚು ಅಂತಾರಲ್ಲ, ಹಾಗೆ.

ಅಲ್ಲಿಂದ ನನಗೆ ಹುಚ್ಚು ಹಿಡೀತು. ಪೊರಕೆ ಊರಿಕೊಂಡು ನಿಂತು ನೋಡೋದೇ ಕೆಲಸ. ತಾಯಿ ಹಕ್ಕಿ ಹಾರಿತು ಅಂದ್ರೆ ಹರಾಜುಕಟ್ಟೆ ಗಡಿಯಾರ ನೋಡೋದು, ವಾಪಸ್ ಬಂದಾಗ ಮತ್ತೆ ನೋಡೋದು. ಮೊದಲ ವರ್ಷ ಅರ್ಧ ಗಂಟೆ. ಬಾಯಲ್ಲಿ ಬೆರಳುದ್ದದ ಹೊಳೆಯೋ ಮೀನು. ಹೋದ ವರ್ಷ ಎರಡು ಗಂಟೆ. ತಂದಿದ್ದು ಮೈಯೆಲ್ಲ ಮುಳ್ಳಿರೋ, ಒಣಗಿದ ಕಡ್ಡಿಯಂಥ ಮೀನು. ಮೇಡಂ ಜೊತೆ ದೋಣೀಲಿ ಬಂಡೆಗೆ ಹೋಗಿದ್ದೆ. ಒಂದು ಮರಿ ಸತ್ತು ಬಿದ್ದಿತ್ತು. ನುಂಗೋಕಾಗದ ಆ ಮುಳ್ಳು ಮೀನು ಅರ್ಧ ಬಾಯೊಳಗೆ, ಅರ್ಧ ಹೊರಗೆ. ಹಸಿದು ಸತ್ತಿದೆ, ಆದ್ರೆ ಬಾಯಲ್ಲಿ ಊಟ ಇದೆ. ಅದನ್ನ ನೋಡಿದ ಮೇಲೆ ನನಗೆ ತಮಾಷೆ ಮಾಡೋಕಾಗಲಿಲ್ಲ. ಒಂದು ದಿನ. ಮಾರನೇ ದಿನ ಮಾಡಿದೆ.

ಈಗ ನನ್ನ ತಪ್ಪಿಗೆ ಬರ್ತೀನಿ. ಮೇಡಂ ಬಂದ ಮೊದಲ ದಿನ ಕೇಳಿದ್ರು, ನೀವು ಕೆಲಸಕ್ಕೆ ಸೇರಿದಾಗ ಜೆಟ್ಟಿ ತೊಳೆಯೋಕೆ ಎಷ್ಟು ಬಕೆಟ್ ನೀರು ಬೇಕಿತ್ತು ಅಂತ. ಕೈಯಲ್ಲಿ ಪುಸ್ತಕ, ಕಿವಿ ಮೇಲೆ ಪೆನ್ನು. ನಾನು ಅವರನ್ನ ಸ್ವಚ್ಛತೆ ನೋಡೋಕೆ ಬಂದ ಇನ್ಸ್‌ಪೆಕ್ಟರ್ ಅನ್ಕೊಂಡೆ. ಜಾಸ್ತಿ ಹೇಳಿದ್ರೆ ಜೆಟ್ಟಿ ಗಬ್ಬು ಅಂತ ಬರ್ಕೊಳ್ತಾರೆ, ಕೆಲಸ ಹೋಗುತ್ತೆ. ನಾಲ್ಕು ಅಂದೆ. ಅವರು ನಾಲ್ಕು ಅಂತ ಬರೆದ್ರು. ನಿಜವಾಗಿ ಬೇಕಿದ್ದಿದ್ದು ಹದಿನಾಲ್ಕು.

ಈಗ ಎಷ್ಟು ಬೇಕು? ನಾಲ್ಕೇ.

ಆಗಲೂ ನಾಲ್ಕು, ಈಗಲೂ ನಾಲ್ಕು. ಹಳೇ ಕಾಲದಲ್ಲಿ ಹಕ್ಕಿ ಎಷ್ಟಿದ್ವು ಅನ್ನೋ ಲೆಕ್ಕಕ್ಕೆ ಇದ್ದಿದ್ದು ನನ್ನ ಈ ಒಂದು ಮಾತೇ. ಅದನ್ನ ಓದಿ ಸಂಘದ ಮೀಟಿಂಗಲ್ಲಿ ಏನಂದ್ರಿ? ಹಕ್ಕಿ ಇದ್ದಷ್ಟೇ ಇವೆ, ಸಮುದ್ರಕ್ಕೇನೂ ಆಗಿಲ್ಲ ಅಂದ್ರಿ. ಅವು ಗೂಡು ಕಟ್ಟೋ ಎರಡು ತಿಂಗಳೂ ಬಂಡೆ ಸುತ್ತ ಬಲೆ ಹಾಕ್ತೀವಿ ಅಂತ ಇವತ್ತು ಊಟ ಆದ ಮೇಲೆ ಸಹಿ ಹಾಕೋರಿದೀರಿ. ಮೊದಲ ಸಹಿ ನಮ್ಮಣ್ಣಂದು.

ನಿನ್ನೆ ಹೋಗಿ ಮೇಡಂ ಮುಂದೆ ಎಲ್ಲಾ ಒಪ್ಕೊಂಡೆ. ಬೈತಾರೆ ಅನ್ಕೊಂಡಿದ್ದೆ. ಬೈದಿದ್ರೆ ವಾಸಿಯಿತ್ತು.

"ಅವತ್ತು ನಾಲ್ಕು ಅಂದ್ರಿ, ಇವತ್ತು ಹದಿನಾಲ್ಕು ಅಂತೀರಿ. ಯಾವುದನ್ನ ನಂಬಲಿ? ಕಣ್ಣಾರೆ ಕಂಡವರು ಇನ್ನೊಬ್ಬರಿದಾರಾ?" ಅಂದ್ರು.

ಇದಾನೆ, ಒಬ್ಬನೇ. ನಾನು ಸೇರಿದಾಗ ಮೊದಲ ಎರಡು ವರ್ಷ ನನ್ನ ಜೊತೆ ಬಾವಿಯಿಂದ ನೀರು ಹೊತ್ತೋನು ನಮ್ಮಣ್ಣ. ಆಮೇಲೆ ಬೋಟಿಗೆ ಹೋದ, ಮಾಲೀಕನಾದ. ನಾನು ಪೊರಕೆಗೇ ನಿಂತೆ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಆ ಹಕ್ಕಿಗಳು ನಮ್ಮ ಮೀನು ತಿನ್ನೋವು ಕಣೋ. ಕಮ್ಮಿ ಆದ್ರೆ ನಮಗೇ ಒಳ್ಳೇದು" ಅಂದ. ತಟ್ಟೆ ತಗೊಂಡು ಎದ್ದು ಹೋದ.

ಅಣ್ಣಾ, ಎಲ್ಲರ ಮುಂದೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವು ತಿನ್ನೋದು ಬಿಟ್ಟ ಮೀನು ನಿನ್ನ ಬಲೆಗೆ ಬಂತಾ? ಮೊದಲು ನೀನು ಬೆಳಿಗ್ಗೆ ಹೋದೋನು ಮಧ್ಯಾಹ್ನದ ಊಟಕ್ಕೆ ಮನೇಲಿರ್ತಿದ್ದೆ. ಈಗ ಮೂರು ದಿನ ಆದ್ರೂ ಸುಳಿವಿಲ್ಲ. ಅತ್ತಿಗೆ ಇಲ್ಲಿ ಬಂದು ನನ್ನ ಪಕ್ಕ ನಿಂತ್ಕೊಂಡು ಸಮುದ್ರ ನೋಡ್ತಾರೆ. ನಾನು ಹಕ್ಕಿ ಎಷ್ಟೊತ್ತಿಗೆ ಬಂತು ಅಂತ ನೋಡ್ತಿರ್ತೀನಿ, ಅವರು ನೀನು ಯಾವಾಗ ಬರ್ತೀಯ ಅಂತ. ದೂರ ಹೋಗ್ತೀಯ, ತಡವಾಗಿ ಬರ್ತೀಯ, ತಂದಿದ್ದು ಯಾರಿಗೂ ಸಾಲಲ್ಲ. ನಿನಗೂ ಆ ಹಕ್ಕಿಗೂ ಟೋಪಿ ಒಂದೇ ವ್ಯತ್ಯಾಸ.

ಬಲೆ ಹಾಕಬೇಡಿ ಅನ್ನೋಕೆ ನಾನ್ಯಾರು? ಎರಡು ತಿಂಗಳು, ಬಂಡೆ ಸುತ್ತ ಅಷ್ಟೇ, ಬಲೆ ಹಾಕದೆ ನೋಡೋಣ ಅಂತೀನಿ. ಹಾಗೆ ಮಾಡಿದ್ರೆ ಮೀನು ವಾಪಸ್ ಬರುತ್ತೋ ಇಲ್ವೋ, ಮೇಡಂಗೂ ಗೊತ್ತಿಲ್ಲ. ಆದ್ರೆ ಸಹಿ ಹಾಕೋದಾದ್ರೆ ಸುಳ್ಳಿನ ಮೇಲೆ ಬೇಡ, ನಿಜದ ಮೇಲೆ ಹಾಕಿ. ಅಣ್ಣಾ, ಆವತ್ತು ಹದಿನಾಲ್ಕು ಬಕೆಟ್ ಆಗ್ತಿತ್ತು ಅಂತ ನಿನಗೆ ನೆನಪಿದ್ರೆ ಒಂದು ಕೈ ಎತ್ತು. ಇಲ್ಲಾಂದ್ರೆ ಬೇಡ, ನಾನು ಇಳಿದು ಹೋಗ್ತೀನಿ.

ನಾನು ಕಾಯ್ತೀನಿ. ಊಟ ಆರಿದ್ರೆ ಆರಲಿ.

ಏನು? ಜೋರಾಗಿ ಹೇಳಣ್ಣ, ಹಿಂದಿನವರಿಗೆ ಕೇಳಿಸ್ತಿಲ್ಲ.

ಹದಿನಾಲ್ಕಲ್ಲವಾ?

ಹದಿನಾರಂತೆ. ಮೇಡಂ, ಹದಿನಾರು ಅಂತ ಬರ್ಕೊಳ್ಳಿ. ಕೊನೇ ಎರಡು ಬಕೆಟ್ ಅವನೇ ಹೊರ್ತಿದ್ದನಂತೆ, ನಾನು ಅಷ್ಟೊತ್ತಿಗೆ ಹಗ್ಗದ ರಾಶಿ ಮೇಲೆ ಮಲಗಿಬಿಟ್ಟಿರ್ತಿದ್ದೆನಂತೆ. ಇರಬಹುದು, ನಾನು ಅಂಥೋನೇ.

ಮಾತಾಡೋಕೆ ಬಿಟ್ಟ ಅಧ್ಯಕ್ಷರಿಗೆ, ಕೇಳಿಸ್ಕೊಂಡ ನಿಮಗೆ, ಇನ್ನೂ ಕೂತ್ಕೊಳ್ಳದೆ ನಿಂತೇ ಇರೋ ನಮ್ಮಣ್ಣನಿಗೆ ನನ್ನ ವಂದನೆಗಳು. ನಮಸ್ಕಾರ.