ಒಂದು ಹಡಗೂ ನಿಲ್ಲದೆ ಇಳಿದ ರಫ್ತು

...ಮೊದಲು ಆ ಬಾಗಿಲು ಹಾಕಮ್ಮ. ಹಾಂ. ಈಗ ತೋರಿಸು, ಏನು ತಪ್ಪಿದೆ ನನ್ನ ಕಂಬನಕ್ಷೆಯಲ್ಲಿ? ಕಣ್ಣರಳಿಸಬೇಡ! ಮನೆಯಲ್ಲಿ ನಾನು ನಿನಗೆ ಅತ್ತೆ, ಇಲ್ಲಿ ಅಂಕಿಅಂಶ ಕಚೇರಿಯ ಮುಖ್ಯಸ್ಥೆ. ನೀನು ಪರಿಶೀಲನೆಯವಳು, ಒಪ್ಪಿದೆ. ನಿನ್ನ ಸಹಿ ಬೀಳದೆ ಈ ವರ್ಷದ ಅಂಕಿಅಂಶದ ಪುಸ್ತಕ ಅಚ್ಚಿಗೆ ಹೋಗಲ್ಲ, ಅದನ್ನೂ ಒಪ್ಪಿದೆ. ಕೆಳಗೆ ಪ್ರೆಸ್ಸಿನವನು ಬೈಕ್ ಸ್ಟಾರ್ಟ್ ಮಾಡ್ಕೊಂಡೇ ನಿಂತಿದಾನೆ, ಕೇಳಿಸ್ತಾ? ಒಂದು ಸಹಿ ಗೀಚಿಬಿಡು, ಊಟದ ಡಬ್ಬಿ ಬಿಚ್ಚೋಣ.

ಇನ್ನೂ ಆ ಕಂಬಗಳನ್ನೇ ನೋಡ್ತಿದೀಯಲ್ಲ! ಹೌದು, ಹೋದ ವರ್ಷ ದೇಶದ ಒಟ್ಟು ಉತ್ಪನ್ನದಲ್ಲಿ ಸರಕು ರಫ್ತಿನ ಪಾಲು ನೂರಕ್ಕೆ ಇಪ್ಪತ್ತನಾಲ್ಕು. ಈ ವರ್ಷ ಎಂಟು. ಎಂಟೇ! ಇಲ್ಲಮ್ಮ, ಬಂದರು ಮುಳುಗಿಲ್ಲ. ಒಂದು ಹಡಗೂ ನಿಂತಿಲ್ಲ... ಯಾಕೆ ನಗ್ತೀಯ?

ಕೇಳಿಲ್ಲಿ. ಇದಕ್ಕೆ ಕೊಳ್ಳುವ ಶಕ್ತಿಯ ಸಮಾನತೆ ಅಂತಾರೆ. ನಿನ್ನ ಮಾವ ಕೆಳಬೀದಿಗೆ ಹೋಗಿ ಕೂದಲು ಕತ್ತರಿಸ್ಕೊಂಡು ಬರ್ತಾರಲ್ಲ, ಇರೋ ನಾಲ್ಕು ಕೂದಲನ್ನ! ಅಷ್ಟೇ ಕೆಲಸಕ್ಕೆ ಡಾಲರ್ ದೇಶದಲ್ಲಿ ಎಷ್ಟೋ ಪಟ್ಟು ಕೊಡಬೇಕು. ಕತ್ತರಿ ಅದೇ, ತಲೆಯೂ ಅಷ್ಟೇ ಬೋಳು. ಹಾಗಿರುವಾಗ ನಮ್ಮ ಕ್ಷೌರದವನ ದುಡಿಮೆಯನ್ನ ಬ್ಯಾಂಕಿನ ಡಾಲರ್ ವಿನಿಮಯ ದರದಲ್ಲಿ ಅಗ್ಗವಾಗಿ ಅಳೆಯೋದು ಅನ್ಯಾಯ ಅಲ್ವಾ? ಅಲ್ಲಿನ ಬೆಲೆಯಲ್ಲೇ ಅಳೆದೆ. ಕ್ಷೌರ, ಬಾಡಿಗೆ, ಬಸ್ಸು, ಟ್ಯೂಷನ್ನು, ಎಲ್ಲವನ್ನೂ! ದೇಶದ ಉತ್ಪನ್ನ ಮೂರು ಪಟ್ಟು ಉಬ್ಬಿ ಕೂತಿತು.

ರಫ್ತು ಮಾತ್ರ ಉಬ್ಬಲ್ಲ. ಅಂಗಿ ಹೊರಗೆ ಎಷ್ಟು ಡಾಲರಿಗೆ ಹೋಯ್ತೋ ಅಷ್ಟೇ. ಹಳೇ ಅಂಗಿ, ಹೊಸ ಹೊಟ್ಟೆ! ಭಾಗಿಸಿದೆ, ಪಾಲು ಮೊದಲಿದ್ದದ್ದರ ಮೂರರಲ್ಲೊಂದಾಯ್ತು. ಇದರಲ್ಲಿ ಸುಳ್ಳೆಲ್ಲಿ ಬಂತು? ಭಾಗಾಕಾರದಲ್ಲಿ ಮೇಲಿನ ರಫ್ತಿಗೊಂದು ಅಳತೆ, ಕೆಳಗಿನ ಉತ್ಪನ್ನಕ್ಕೊಂದು ಅಂತ ಮೂತಿ ಸೊಟ್ಟ ಮಾಡಬೇಡ. ದೊಡ್ಡ ದೊಡ್ಡವರೂ ಮಾಡ್ತಾರೆ, ಕೆಳಗೊಂದು ಟಿಪ್ಪಣಿ ಹಾಕಿ... ಏನು ಹುಡುಕ್ತಿದೀಯ? ಟಿಪ್ಪಣಿನಾ? ಜಾಗ ಸಾಲಲಿಲ್ಲ.

ಬೆರಳು ತೆಗಿ. ಅದು ಹೋದ ವರ್ಷದ ಕಂಬ. ಅದನ್ನ... ಅದನ್ನ ಬ್ಯಾಂಕ್ ದರದ ಲೆಕ್ಕದಲ್ಲೇ ಬಿಟ್ಟಿದೀನಿ. ಆಗಲೇ ಅಚ್ಚಾಗಿರೋದು, ನಾನ್ಯಾಕೆ ಮುಟ್ಟಲಿ? ಸರಿ, ಸರಿ! ಅದನ್ನೂ ಹೊಸ ಅಳತೆಯಲ್ಲಿ ಅಳೆದ್ರೆ ಎಂಟೇ ಬರುತ್ತೆ. ಎಂಟರ ಪಕ್ಕ ಎಂಟು! ನೋಡೋಕೆ ಏನು ಚೆಂದ? ಮಂತ್ರಿಗಳು ಹೋದ ವರ್ಷ 'ಜಗತ್ತಿಗೆಲ್ಲ ಮಾರ್ತೀವಿ' ಅಂದ್ರು, ಉದ್ದ ಕಂಬ ಕೊಟ್ಟೆ. ಈ ವರ್ಷ 'ಯಾರ ಹಂಗೂ ಬೇಡ' ಅಂತಿದಾರೆ, ಗಿಡ್ಡ ಕಂಬ ಕೊಟ್ಟೆ. ದರ್ಜಿ ಗಿರಾಕಿಯ ಮೈ ನೋಡಿ ತಾನೇ ಹೊಲಿಯೋದು?

ಮುಖ ಆ ಕಡೆ ತಿರುಗಿಸಬೇಡ. ತಿಂಗಳ ಕೊನೆಗೆ ನನ್ನ ನಿವೃತ್ತಿ. ಇನ್ನೆರಡು ವರ್ಷ ಮುಂದುವರಿಸೋದು ಮಂತ್ರಿಗಳ ಕೈಯಲ್ಲಿದೆ. ಇಲ್ಲಾಂದ್ರೆ ಬೆಳಗಿಂದ ಸಂಜೆವರೆಗೆ ನಾನು ಮನೆಯಲ್ಲೇ. ನಿನ್ನ ಅಡುಗೆಮನೆಯಲ್ಲೇ! ನೀನು ಒಗ್ಗರಣೆ ಹಾಕುವಾಗ ಬೆನ್ನ ಹಿಂದೆ ನಿಂತು... ಹಾ! ಈಗ ಮುಖ ಬಿಳಿಚಿತು ನೋಡು!

ಜಾಣೆ. ಪೆನ್ನಿನ ಕ್ಯಾಪ್ ತೆಗೆದೆ. ಹಾಕು, ಹಾಕು, ಇಲ್ಲೇ, 'ಪರಿಶೀಲಿಸಿದವರು'... ಇದೇನೇ ಇದು? ಪೆನ್ನು ನನ್ನ ಕಡೆ ಯಾಕೆ ಚಾಚ್ತೀಯ? 'ಸಿದ್ಧಪಡಿಸಿದವರು'... ಹೌದಮ್ಮ, ಆ ಗೆರೆ ಖಾಲಿ ಇದೆ. ನೀನು ಹಾಕಿದ ಮೇಲೆ... ಅಂದ್ರೆ, ಮೊದಲು ನಿನ್ನದು ಬೀಳಲಿ, ಆಮೇಲೆ ಬೇಕಾದ್ರೆ... ನಾನಾ? ಇದರ ಕೆಳಗೆ ನನ್ನ ಹೆಸರು ಹಾಕೋಕೆ ನನಗೇನು ಹುಚ್ಚಾ?

...

ಹಾಗೆ ನೋಡಬೇಡ ನನ್ನ.

ಅಯ್ಯೋ, ಆ ಬೈಕಿನವನೂ ಇಂಜಿನ್ ಆರಿಸಿಬಿಟ್ಟನಲ್ಲ... ಏನಾದ್ರೂ ಮಾತಾಡೇ!