ಮೊದಲು ಬೀಗ, ಆಮೇಲೆ ತಪಾಸಣೆ

ಸಂಜೆ ಏಳೂಕಾಲು. ಮ್ಯಾನೇಜರ್ ಒಬ್ಬರು ತಮ್ಮದೇ ಕಚೇರಿಯೊಳಗೆ ಸಿಕ್ಕಿಬಿದ್ದಿದ್ದರು. ಬಸ್ ನಿಲ್ದಾಣದಲ್ಲಿ ಕೂತಿದ್ದ ದರ್ಜಿಗೆ ಇದು ಗೊತ್ತಾದದ್ದು, ಪಕ್ಕದಲ್ಲಿದ್ದ ಪ್ರೋಗ್ರಾಮರ್ ಹುಡುಗಿ ತನ್ನ ಅತ್ತಿಗೆಯೊಡನೆ ಆಡುತ್ತಿದ್ದ ಮಾತಿನಿಂದ. ಅವನು ಕಿವಿ ನಿಮಿರಿಸಿದ.

“ಬಾಗಿಲಿನ ಪ್ರೋಗ್ರಾಂ ಬರೆದವಳು ನೀನೇ ಅಲ್ವೇನೇ?”

“ಬರೆದದ್ದು ನಾನು, ಹೇಳಿದ್ದು ಮ್ಯಾನೇಜರ್. ಒಳಗೆ ಯಾರಿದ್ದಾರೆ ಅಂತ ನೋಡಿ ಆಮೇಲೆ ಬೀಗ ಹಾಕೋಣ ಸರ್ ಅಂದೆ. ‘ಹೇಳಿದಷ್ಟು ಬರಿ, ಬುದ್ಧಿ ಮನೇಲಿಟ್ಟು ಬಾ’ ಅಂತ ಎಲ್ಲರೆದುರು ನಕ್ಕರು.”

“ನೀನೇನು ಮಾಡ್ದೆ?”

“ಮನೇಲೇ ಇಟ್ಟು ಹೋದೆ, ಅತ್ತಿಗೆ. ಸಂಜೆ ಏಳಾದ್ರೆ ಮೊದಲು ಬೀಗ, ಆಮೇಲೆ ತಪಾಸಣೆ. ಕಂಪ್ಯೂಟರ್ ಬರೆದ ಕ್ರಮದಲ್ಲೇ ಮಾಡುತ್ತೆ, ಸಾಹೇಬರ ಮುಖ ನೋಡಲ್ಲ.”

“ಒಳಗೆ ಜನ ಇದ್ರೆ?”

“‘ಒಳಗೆ ಒಬ್ಬರಿದ್ದಾರೆ’ ಅಂತ ಹೊರಗಿನ ಪರದೆ ಮೇಲೆ ತೋರಿಸುತ್ತೆ.”

“ಬಾಗಿಲು ತೆಗೆಯಲ್ವಾ?”

“ಆ ಸಾಲು ಬರಿ ಅಂತ ಅವರು ಹೇಳಲೇ ಇಲ್ಲ.”

“ಹಿಂದಿನ ಬಾಗಿಲು?”

“ಎಲ್ಲಾ ಬಾಗಿಲಿಗೂ ಒಂದೇ ಪ್ರೊಸೀಜರ್. ಒಂದು ಕಡೆ ಬರೆದದ್ದೇ ಎಲ್ಲಾ ಕಡೆ ನಡೆಯುತ್ತೆ. ಬೆಳಿಗ್ಗೆ ತಾನಾಗೇ ತೆರೆಯುತ್ತೆ.”

“ಉಪ್ಪು ತಿಂದವ್ರು ನೀರು ಕುಡೀಲೇಬೇಕು. ಫೋನ್ ಮಾಡಿದ್ರಾ?”

“ಮಾಡ್ತಾನೇ ಇದ್ದಾರೆ. ಇನ್ನೂ ‘ತೆಗಿ’ ಅಂತ ಅಪ್ಪಣೆ. ‘ದಯವಿಟ್ಟು’ ಅನ್ನಲಿ, ಇಲ್ಲಿಂದಲೇ ತೆಗೀತೀನಿ.”

ಫೋನ್ ಮತ್ತೆ ಬಂತು. ಹುಡುಗಿ ಕಿವಿಗಿಟ್ಟು ಕೇಳಿದಳು.

“ಇನ್ನೂ ಅದೇ,” ಎಂದು ಚೀಲಕ್ಕೆ ಹಾಕಿದಳು.

ಬಸ್ ಬಂತು. ಅತ್ತಿಗೆ, ನಾದಿನಿ ಇಬ್ಬರೂ ಹತ್ತಿ ಹೋದರು.