ಹುಲ್ಲುಮಾಡಿನ ಮನೆಗೆ ಕುಕ್ಕರ್

ಇಂಗ್ಲೆಂಡಿನ ಹಳ್ಳಿಯೊಂದಕ್ಕೆ ಕುಕ್ಕರ್ ಒಯ್ಯಬೇಕೇ ಎಂಬ ಗಂಭೀರ ಪ್ರಶ್ನೆ ಹಾಲೆಂಡಿನ ಹಾರ್ಲೆಮ್ ರೈಲು ನಿಲ್ದಾಣದ ಬೆಂಚಿನ ಮೇಲೆ ಇತ್ಯರ್ಥಕ್ಕೆ ಬಂದಿತ್ತು. ಪಕ್ಕದಲ್ಲಿ ಫೋನು ನೋಡುವಂತೆ ನಟಿಸುತ್ತಿದ್ದ ತನುಶ್ರೀಗೆ ಕನ್ನಡ ಬರುತ್ತದೆಂದು ಬೆಂಚಿನ ಮೇಲೆ ವಾದಿಸುತ್ತಿದ್ದ ಗಂಡ ಹೆಂಡತಿಗೆ ಹೊಳೆಯಲಿಲ್ಲ.

“ಚರ್ಚು ಒಂಬೈನೂರು ವರ್ಷದ್ದಂತೆ, ಮಾನಸ. ಕಲ್ಲಿನ ಸೇತುವೆ, ಹುಲ್ಲುಮಾಡಿನ ಮನೆಗಳು, ಊರಿಗೆಲ್ಲ ಒಂದೇ ಪಬ್ಬು.”

“ಆ ಪಬ್ಬಲ್ಲಿ ನೀನು ತಿನ್ನೋದು ಏನಿದೆ?”

“ಏನಿಲ್ಲ, ಎಲ್ಲಾ ಮಾಂಸನೇ. ಅದಕ್ಕೇ ಅಡುಗೆಮನೆ ಇರೋ ಕಾಟೇಜ್ ನೋಡಿದೀನಿ. ಕುಕ್ಕರ್ ತಗೊಂಡೋದ್ರೆ ಆಯ್ತು.”

“ಅಂದ್ರೆ ನೀನು ಚರ್ಚು ನೋಡ್ತೀಯ, ನಾನು ಸ್ಟವ್ ನೋಡ್ತೀನಿ.”

“ಆ ಅಡುಗೆಮನೆನೂ ನಾನೂರು ವರ್ಷದ್ದು ಕಣೇ.”

“ಯತಿ, ಸುಸ್ತಾಗಿದೆ ನಂಗೆ. ಇಲ್ಲಿ ಬೇಯಿಸಿದ್ದನ್ನೇ ಅಲ್ಲೂ ಬೇಯಿಸಿದ್ರೆ ರಜಾ ಯಾರಿಗೆ?”

ಅವನು ಹಳಿಗಳ ಕಡೆ ನೋಡಿದ.

“ಸರಿ. ಅನ್ನ, ಸಾರು ನಾನೇ ಮಾಡ್ತೀನಿ.”

“ಒಗ್ಗರಣೆ?”

“ಅದೂ.”

“ಪಾತ್ರೆ?”

“ಅದೂನು ಮಾರಾಯ್ತಿ.”

ರೈಲು ಬಂತು, ಇಬ್ಬರೂ ಹತ್ತಿದರು. ಕುಕ್ಕರ್ ಇಂಗ್ಲೆಂಡಿಗೆ ಹೋಗುತ್ತದೆ.